ಮಗು ವರ್ಷಗಟ್ಟಲೆ ಟ್ರಯಲ್‌ನಲ್ಲಿದ್ದರೆ ಮನೆಯವರು ನೋಡಿಕೊಳ್ಳಬೇಕಾದ್ದು

ನಾವು ಮೂಡಿಗೆರೆ ತಾಲ್ಲೂಕಿನವರು. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ನನ್ನ ಮಗಳಿಗೆ ಗೌಚರ್ ಕಾಯಿಲೆ. ಒಂದು ಬಗೆಯ ಕೊಬ್ಬನ್ನು ಕರಗಿಸುವ ಎನ್‌ಜೈಮ್ ಅವಳ ಮೈಯಲ್ಲಿ ಸಾಕಷ್ಟಿಲ್ಲ. ಕರಗದ ಕೊಬ್ಬು ಸ್ಪ್ಲೀನ್‌ನಲ್ಲಿ (ಹೊಟ್ಟೆಯ ಎಡಗಡೆಯ ಗುಲ್ಮ), ಲಿವರ್‌ನಲ್ಲಿ, ಮೂಳೆಯೊಳಗೆ ಸೇರಿಕೊಳ್ಳುತ್ತದೆ. ಹೊಟ್ಟೆ ಉಬ್ಬುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ, ಕಾಲಿನ ಮೂಳೆ ನೋಯುತ್ತದೆ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಬರುವ ಕಾಯಿಲೆ ಇದು.

ಅವಳು ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಮಾತ್ರೆಯೊಂದರ ದೀರ್ಘ ಟ್ರಯಲ್‌ನಲ್ಲಿದ್ದಾಳೆ, ಅಂದರೆ ಔಷಧಿಯನ್ನು ಜನರಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನದಲ್ಲಿ. ಟ್ರಯಲ್ ಇನ್ನೂ ನಡೆಯುತ್ತಿದೆ, ಹಾಗಾಗಿ ಔಷಧಿಯ ಹೆಸರು ಇಲ್ಲಿ ಬೇಡ. ಟ್ರಯಲ್‌ಗೆ ಸೇರಬೇಕೋ ಬೇಡವೋ ಎಂದು ನಾನು ಹೇಳುವುದಿಲ್ಲ. ಅದು ನೀವು ನಿಮ್ಮ ಡಾಕ್ಟರ ಹತ್ತಿರ ಕೂತು ತೀರ್ಮಾನಿಸುವ ವಿಷಯ. ಸೇರಿದ ಮೇಲೆ ಮನೆಯಲ್ಲಿ ಏನು ಮಾಡಬೇಕು ಎಂದು ನಮ್ಮ ಕಡೆ ಹೇಳಿಕೊಡುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಇಷ್ಟು ವರ್ಷ ಯಾಕೆ?

ಎಲ್ಲ ನೆಂಟರೂ ಕೇಳುವ ಪ್ರಶ್ನೆ ಇದು. ಔಷಧಿ ಕೆಲಸ ಮಾಡುತ್ತದೆ ಅಂತ ಗೊತ್ತಾಯಿತಲ್ಲ, ಇನ್ನೂ ಯಾಕೆ ರಕ್ತ ತೆಗೆಯುತ್ತಾರೆ ಎಂದು.

ಎಲಿಗ್ಲುಸ್ಟಾಟ್ ಎಂಬ ಗೌಚರ್ ಮಾತ್ರೆಯ ಉದಾಹರಣೆ ನೋಡಿ. ಅದರ ಒಂದು ಮುಖ್ಯ ಟ್ರಯಲ್‌ನಲ್ಲಿ ಇದ್ದವರು ಬರೀ 40 ಜನ. ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ಔಷಧಿ ಇಲ್ಲದ ಖಾಲಿ ಮಾತ್ರೆ. 39 ವಾರದಲ್ಲಿ ಔಷಧಿ ತಗೊಂಡವರ ಸ್ಪ್ಲೀನ್ ಗಾತ್ರ ಸರಾಸರಿ 28% ಇಳಿಯಿತು. ಉಳಿದವರದ್ದು 2% ಏರಿತು. 2014ರಲ್ಲಿ ಅಮೆರಿಕದಲ್ಲಿ ದೊಡ್ಡವರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ಸ್ಪ್ಲೀನ್ ಬೇಗ ಉತ್ತರ ಕೊಡುತ್ತದೆ. ಮೂಳೆ ಹಾಗಲ್ಲ, ಅದು ಗಟ್ಟಿಯಾಗುವುದು ಕಾಣಲು ವರ್ಷಗಳೇ ಬೇಕು. ಆಮೇಲೆ, ಹತ್ತು ವರ್ಷ ನುಂಗಿದ ಮೇಲೆ ಹಾರ್ಟ್‌ಗೆ, ಲಿವರ್‌ಗೆ ಏನಾಗುತ್ತದೆ ಎಂದು 39 ವಾರದಲ್ಲಿ ಯಾರು ಹೇಳಲು ಸಾಧ್ಯ? ಹೊಸ ತಳಿಯ ಕಾಫಿ ಗಿಡ ಹಾಕಿದವರು ಮೊದಲ ಫಸಲು ನೋಡಿಯೇ ಇಡೀ ತೋಟಕ್ಕೆ ಅದನ್ನೇ ಹಾಕುವುದಿಲ್ಲ ಅಲ್ವಾ?

40 ಜನರಲ್ಲಿ ಒಂದು ಮನೆಯವರು ಸುಮ್ನೆ ಬರುವುದನ್ನು ನಿಲ್ಲಿಸಿದರೆ ನಲವತ್ತರಲ್ಲಿ ಒಂದು ಪಾಲು ಮಾಹಿತಿ ಹೋಯಿತು. ಸಕ್ಕರೆ ಕಾಯಿಲೆ, ಬಿಪಿ ಟ್ರಯಲ್‌ಗಳಲ್ಲಿ ಸಾವಿರಾರು ಜನ ಇರುತ್ತಾರೆ. ನಮ್ಮ ಮಕ್ಕಳ ಕಾಯಿಲೆಗೆ ಆ ಅನುಕೂಲ ಇಲ್ಲ. ಇನ್ನೂ ಒಂದು ವಿಷಯ ಇದೆ. ಔಷಧಿ ಹಿಡಿಸದವರೇ ಜಾಸ್ತಿ ಬಿಟ್ಟುಹೋದರೆ, ಉಳಿದವರ ಲೆಕ್ಕ ಮಾತ್ರ ಕಾಣುತ್ತದೆ. ಔಷಧಿ ಇರುವುದಕ್ಕಿಂತ ಚೆನ್ನಾಗಿದೆ ಎಂಬ ಚಿತ್ರ ಬರುತ್ತದೆ. ಮುಂದೆ ಅದನ್ನು ತಗೊಳ್ಳುವ ಮಕ್ಕಳಿಗೆ ಅದರಿಂದ ಅನ್ಯಾಯ ಆಗುತ್ತದೆ.

ಕೆಟ್ಟ ಜೀನ್ ಬದಲಿಗೆ ಸರಿಯಾದ ಜೀನನ್ನು ಮೈಗೆ ಸೇರಿಸುವ ಜೀನ್ ಥೆರಪಿಯ ಟ್ರಯಲ್ ಆದರೆ ಅವಧಿ ಇನ್ನೂ ಉದ್ದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಕೊಟ್ಟ ಸೂಚನೆಯಂತೆ, ಜೀನನ್ನು ನಮ್ಮ ಡಿಎನ್‌ಎಗೇ ಸೇರಿಸುವ ವೈರಸ್ ಬಳಸಿದರೆ 15 ವರ್ಷದವರೆಗೆ, ಎಎವಿ ಎಂಬ ವೈರಸ್ ಬಳಸಿದರೆ 5 ವರ್ಷದವರೆಗೆ ನೋಡಿಕೊಳ್ಳಬೇಕು. ಸೇರುವ ಮುಂಚೆಯೇ ಈ ಲೆಕ್ಕ ಮನೆಯವರಿಗೆಲ್ಲ ಗೊತ್ತಿರಲಿ.

ಸಹಿ ಹಾಕುವ ಮುಂಚೆ

ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ) ಕನ್ನಡದಲ್ಲಿ ಕೇಳಿ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು. ಮನೆಗೆ ತಂದು ಓದಿ. ಸಹಿ ಆದ ಮೇಲೆ ಒಂದು ಪ್ರತಿ ನಿಮ್ಮದು. ಹೊಸ ಔಷಧಿಯ ಟ್ರಯಲ್‌ನಲ್ಲಿ ಮಕ್ಕಳಿದ್ದರೆ ಒಪ್ಪಿಗೆ ತಗೊಳ್ಳುವುದನ್ನು ವಿಡಿಯೊ ಮಾಡುತ್ತಾರೆ, ಗಾಬರಿ ಬೇಡ. ಅದು ನಿಮ್ಮ ರಕ್ಷಣೆಗೆ ಇರುವ ನಿಯಮ. ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ. 12ರವರೆಗೆ ಬಾಯಿಮಾತು ಸಾಕು, ಆಮೇಲೆ ಬರವಣಿಗೆಯಲ್ಲಿ.

ಟ್ರಯಲ್‌ನ ಸಿಟಿಆರ್‌ಐ ನಂಬರ್ ಕೇಳಿ. ಸಿಟಿಆರ್‌ಐ ಎಂದರೆ ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿ. 2009ರ ಜೂನ್ 15ರಿಂದ ಭಾರತದಲ್ಲಿ ಔಷಧಿ ಟ್ರಯಲ್‌ಗಳು ಅಲ್ಲಿ ನೋಂದಣಿ ಆಗಲೇಬೇಕು. ಫೋನ್‌ನಲ್ಲೇ ಹುಡುಕಿ ನೋಡಬಹುದು. ನಂಬರ್ ಕೊಡಲು ಹಿಂದೆಮುಂದೆ ನೋಡುವ ಜಾಗದಲ್ಲಿ ಸಹಿ ಹಾಕಬೇಡಿ.

ಡೈರಿ, ಮಾತ್ರೆ, ಚಕ್ಕೋತ

ಆಸ್ಪತ್ರೆಯವರು ಒಂದು ಡೈರಿ ಕೊಡುತ್ತಾರೆ. ಮಾತ್ರೆ ನುಂಗಿದ ಹೊತ್ತು ಬರೆಯಬೇಕು. ಇದನ್ನು ಆಗಿಂದಾಗ್ಗೆ ಬರೆಯಿರಿ. ವಿಸಿಟ್‌ಗೆ ಹೋಗುವ ಹಿಂದಿನ ರಾತ್ರಿ ಕೂತು ತಿಂಗಳಿಡೀ ‘ಬೆಳಿಗ್ಗೆ 8’ ಎಂದು ತುಂಬಿದರೆ ಅದು ಯಾರಿಗೂ ಪ್ರಯೋಜನ ಇಲ್ಲ. ನಮ್ಮಲ್ಲಿ ಡೈರಿ ಅಡುಗೆಮನೆಯ ಕ್ಯಾಲೆಂಡರ್ ಪಕ್ಕದ ಮೊಳೆಗೆ ದಾರದಲ್ಲಿ ನೇತಾಡುತ್ತದೆ, ಪೆನ್ನೂ ಅದಕ್ಕೇ ಕಟ್ಟಿದೆ. ನಾನು ತೋಟದಲ್ಲಿದ್ದರೆ ಅತ್ತೆ ಬರೆಯುತ್ತಾರೆ. ಬರೆದವರು ಯಾರು ಎಂದು ಪಕ್ಕದಲ್ಲಿ ಒಂದು ಅಕ್ಷರ ಹಾಕುತ್ತೇವೆ.

ಒಂದು ಹೊತ್ತು ತಪ್ಪಿದರೆ ‘ತಪ್ಪಿದೆ’ ಎಂದೇ ಬರೆಯಿರಿ. ಯಾರೂ ಬೈಯುವುದಿಲ್ಲ. ತಪ್ಪಿದ್ದನ್ನು ಮುಚ್ಚಿಟ್ಟರೆ, ಪ್ಲೇಟ್‌ಲೆಟ್ ಇಳಿದಾಗ ಔಷಧಿ ಸೋತಿತು ಎಂದು ಡಾಕ್ಟರು ತಿಳಿಯುತ್ತಾರೆ. ಖಾಲಿ ಸ್ಟ್ರಿಪ್‌ಗಳನ್ನು ಕಸಕ್ಕೆ ಹಾಕಬೇಡಿ. ಅವನ್ನೂ ಉಳಿದ ಮಾತ್ರೆಗಳನ್ನೂ ವಾಪಸ್ ಒಯ್ಯಬೇಕು, ಅಲ್ಲಿ ಎಣಿಸಿ ಡೈರಿಗೆ ತಾಳೆ ನೋಡುತ್ತಾರೆ.

ಬೇರೆ ಏನು ಹೊಟ್ಟೆಗೆ ಹೋದರೂ ಬರೆಯಬೇಕು. ಮೆಡಿಕಲ್ ಶಾಪ್‌ನ ನೆಗಡಿ ಮಾತ್ರೆ, ಅಮೃತಬಳ್ಳಿ ಕಷಾಯ, ಪಕ್ಕದೂರಿನ ನಾಟಿ ವೈದ್ಯರ ಪುಡಿ, ಎಲ್ಲವೂ. ‘ಇದೆಲ್ಲ ಔಷಧಿನಾ?’ ಎಂದು ಮನೆಯ ಹಿರಿಯರು ಕೇಳುತ್ತಾರೆ. ಅವರೊಂದಿಗೆ ವಾದ ಬೇಡ. ಕೊಟ್ಟರೆ ನನಗೆ ಹೇಳಿ, ಅಷ್ಟು ಸಾಕು ಎನ್ನಿ. ಇಲ್ಲದಿದ್ದರೆ ಕೊಟ್ಟೂ ಹೇಳುವುದಿಲ್ಲ.

ನಮ್ಮ ಫಾರ್ಮಿನಲ್ಲಿ ಗ್ರೇಪ್‌ಫ್ರೂಟ್ ತಿನ್ನಬಾರದು ಎಂದು ಬರೆದಿತ್ತು. ಮೂಡಿಗೆರೆ ಸಂತೆಯಲ್ಲಿ ಆ ಹಣ್ಣನ್ನು ಯಾರು ನೋಡಿದ್ದಾರೆ? ಆದರೆ ನಮ್ಮ ಹಿತ್ತಲಲ್ಲಿ ಚಕ್ಕೋತದ ಮರ ಇದೆ, ಮಗಳಿಗೆ ಉಪ್ಪು ಖಾರ ಹಾಕಿದ ಚಕ್ಕೋತ ಎಂದರೆ ಪ್ರಾಣ. ಎರಡೂ ಒಂದೇ ಜಾತಿಯ ಹಾಗೆ ಕಂಡಿತು, ಡಾಕ್ಟರನ್ನು ಕೇಳಿದೆ. ಚಕ್ಕೋತವೂ ಬೇಡ ಎಂದರು. ಕರುಳಿನಲ್ಲಿ, ಲಿವರ್‌ನಲ್ಲಿ ಕೆಲವು ಔಷಧಿಗಳನ್ನು ಒಡೆಯುವ ಎನ್‌ಜೈಮ್ ಇದೆ. ಈ ಹಣ್ಣುಗಳು ಕರುಳಿನಲ್ಲಿ ಅದನ್ನು ತಡೆಯುತ್ತವೆ, ಆಗ ರಕ್ತದಲ್ಲಿ ಔಷಧಿ ಏರುತ್ತದೆ. ಕೆಲವು ಆಂಟಿಬಯೋಟಿಕ್, ಫಂಗಸ್‌ಗೆ ಕೊಡುವ ಕೆಲವು ಮಾತ್ರೆ ಕೂಡ ಹಾಗೇ ಮಾಡುತ್ತವೆ. ಫಾರ್ಮ್ ಬರೆದವರಿಗೆ ನಮ್ಮ ಹಿತ್ತಲು ಗೊತ್ತಿರುವುದಿಲ್ಲ. ಏನು ತಿನ್ನಬಾರದು ಎಂಬ ಪಟ್ಟಿ ಸಿಕ್ಕಾಗ ನಿಮ್ಮ ಮನೆಯಲ್ಲಿ ಬೆಳೆಯುವುದನ್ನು ಹೆಸರು ಹಿಡಿದು ಕೇಳಿ.

ಜ್ವರ ಬಂದಾಗ

ಮಲೆನಾಡಿನಲ್ಲಿ ಇದೇ ಕಷ್ಟದ ಜಾಗ. ಮಳೆಗಾಲದಲ್ಲಿ ಡೆಂಗಿ. ಬೇಸಿಗೆಯಲ್ಲಿ ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ಭಯ. ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಗೌಚರ್ ಇರುವ ಮಗುವಿಗೆ ಮೊದಲೇ ಕಡಿಮೆ. ಹೊಸ ಡಾಕ್ಟರು ರಿಪೋರ್ಟ್ ನೋಡಿದ ಕೂಡಲೇ ಹೌಹಾರುತ್ತಾರೆ. ಇಲ್ಲವೇ, ‘ಇವಳಿಗೆ ಯಾವಾಗಲೂ ಹೀಗೇ’ ಎಂದು ನಾವು ಹೇಳಿದ್ದು ಕೇಳಿ ನಿಜವಾದ ಡೆಂಗಿಯನ್ನೇ ಬಿಟ್ಟುಬಿಡುತ್ತಾರೆ. ಎರಡೂ ಅಪಾಯ.

ಅದಕ್ಕೆ ಟ್ರಯಲ್ ಡಾಕ್ಟರ ಹತ್ತಿರ ಲೆಟರ್‌ಹೆಡ್ ಮೇಲೆ ಒಂದು ಪುಟ ಬರೆಸಿಕೊಳ್ಳಿ. ಮಗುವಿನ ಕಾಯಿಲೆ ಏನು, ಆರೋಗ್ಯವಾಗಿದ್ದಾಗ ಪ್ಲೇಟ್‌ಲೆಟ್ ಎಷ್ಟಿರುತ್ತದೆ, ಸ್ಪ್ಲೀನ್ ಎಷ್ಟು ದೊಡ್ಡದಿದೆ, ಯಾವ ಟ್ರಯಲ್, ಯಾವ ಔಷಧಿ ಕೊಡಬಾರದು, ರಾತ್ರಿಯೂ ಎತ್ತುವ ಫೋನ್ ನಂಬರ್. ಪ್ರತಿ ವಿಸಿಟ್‌ನಲ್ಲಿ ಪ್ಲೇಟ್‌ಲೆಟ್ ಲೆಕ್ಕ ಹೊಸದು ಮಾಡಿಸಿ. ಒಂದು ಪ್ರತಿ ಶಾಲೆಯ ಬ್ಯಾಗ್‌ನಲ್ಲಿ, ಒಂದು ಪಿಟಿ ಮೇಷ್ಟ್ರ ಹತ್ತಿರ. ಸ್ಪ್ಲೀನ್ ದೊಡ್ಡದಿರುವ ಮಗು ಕಬಡ್ಡಿ ಆಡಬಾರದು, ಹೊಟ್ಟೆಗೆ ಪೆಟ್ಟು ಬಿದ್ದರೆ ಒಳಗೆ ರಕ್ತ ಹೋಗಬಹುದು ಎಂದು ಅವರಿಗೂ ಗೊತ್ತಿರಬೇಕು.

ಆಸ್ಪತ್ರೆಯಲ್ಲಿ ರಾತ್ರಿ ಉಳಿಸಿಕೊಂಡರು ಅಂದರೆ, ಕಾರಣ ಏನೇ ಇರಲಿ, ಟ್ರಯಲ್ ಕಚೇರಿಯಲ್ಲಿ ನಿಮ್ಮನ್ನು ನೋಡಿಕೊಳ್ಳುವ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ಸ್ಕೂಟರ್‌ನಿಂದ ಬಿದ್ದು ಅಡ್ಮಿಟ್ ಆದರೂ ಸರಿ. ಆಸ್ಪತ್ರೆಗೆ ಸೇರಿದ್ದೆಲ್ಲ ಟ್ರಯಲ್ ಲೆಕ್ಕದಲ್ಲಿ ಗಂಭೀರ ಘಟನೆ. ಅದನ್ನು ಟ್ರಯಲ್ ಡಾಕ್ಟರು 24 ಗಂಟೆಯೊಳಗೆ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆಗೆ, ಟ್ರಯಲ್ ನಡೆಸುವ ಕಂಪನಿಗೆ, ಟ್ರಯಲ್‌ನಲ್ಲಿರುವವರ ಹಿತ ನೋಡುವ ಎಥಿಕ್ಸ್ ಕಮಿಟಿಗೆ ತಿಳಿಸಬೇಕು. ಔಷಧಿಗೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ನಮ್ಮ ಕೆಲಸ ಅಲ್ಲ. ಟ್ರಯಲ್‌ನಿಂದ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಕಂಪನಿಯದ್ದು. ನೀವು ತಿಳಿಸದೇ ಇದ್ದರೆ ಆ ಹಕ್ಕಿಗೂ ತೊಂದರೆ.

ಎಲ್ಲಿ ತೋರಿಸಿದರೂ ಚೀಟಿ ಬರೆಸಿಕೊಂಡೇ ಬನ್ನಿ. ಒಮ್ಮೆ ಒಂದು ಕ್ಲಿನಿಕ್‌ನಲ್ಲಿ ಎರಡು ಇಂಜೆಕ್ಷನ್ ಹಾಕಿ ಬರೀ ಕೈಯಲ್ಲಿ ಕಳಿಸಿದರು. ಯಾವ ಇಂಜೆಕ್ಷನ್ ಎಂದು ಬರೆಸಿಕೊಳ್ಳಲು ನನ್ನ ಗಂಡ ಮತ್ತೆ ಹೋಗಿ ಸಂಜೆವರೆಗೂ ಕಾಯಬೇಕಾಯಿತು. ಈಗ ಕಾಂಪೌಂಡರ್ ಸೂಜಿ ಹಿಡಿಯುವ ಮೊದಲೇ ಬಾಟಲಿಯ ಫೋಟೊ ತೆಗೆಯುತ್ತೇವೆ.

ದಾರಿ

ಪ್ರತಿ ವಿಸಿಟ್‌ಗೂ ಇಂತಿಷ್ಟು ದಿನ ಹಿಂದೆಮುಂದೆ ಎಂದು ಅವಕಾಶ ಇರುತ್ತದೆ. ಎಷ್ಟು ದಿನ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಳೆಗಾಲದ ವಿಸಿಟ್‌ಗೆ ಅವಧಿಯ ಮೊದಲ ದಿನಗಳನ್ನೇ ಹಿಡಿಯಿರಿ. ಮರ ಬಿದ್ದು ರಸ್ತೆ ಬಂದ್ ಆದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ. ಬೇಲೂರು, ಹಾಸನದ ಮೇಲೆ ಹೋಗುವ ರಾತ್ರಿ ಬಸ್ ಹಿಡಿದರೆ ಬೆಳಿಗ್ಗೆ ಮೆಜೆಸ್ಟಿಕ್. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದರೆ ಇದು ಅನುಕೂಲ, ತಿಂಡಿ ಡಬ್ಬಿ ಜೊತೆಗಿರಲಿ. ಎಂಆರ್‌ಐ ಇದ್ದ ದಿನ ಸಂಜೆ ಬಸ್‌ಗೆ ವಾಪಸ್ ಟಿಕೆಟ್ ಮಾಡಬೇಡಿ, ತಡ ಆಗೇ ಆಗುತ್ತದೆ.

ಬಸ್ ಟಿಕೆಟ್‌ನ ಅಕ್ಷರ ಬೇಗ ಅಳಿಸಿಹೋಗುತ್ತದೆ. ಇಳಿದ ಕೂಡಲೇ ಫೋಟೊ ತೆಗೆಯಿರಿ. ಪ್ರಯಾಣದ ಖರ್ಚು ಕೊಡುವ ಟ್ರಯಲ್ ಆದರೆ ಅದು ನಿಮಗೆ ಬರಬೇಕಾದ ಹಣ, ಕೇಳಲು ಸಂಕೋಚ ಬೇಡ.

ಮಗಳು ದೊಡ್ಡವಳಾದ ಮೇಲೆ

ಮುಟ್ಟು ಶುರುವಾದ ಮೇಲೆ ಪ್ರೆಗ್ನೆನ್ಸಿ ಟೆಸ್ಟ್ ಮಾಡುತ್ತಾರೆ. ಹೊಸ ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡುತ್ತದೆ ಎಂದು ಗೊತ್ತಿಲ್ಲದಿದ್ದಾಗ ಎಲ್ಲ ಹುಡುಗಿಯರಿಗೂ ಇದೇ ನಿಯಮ. ಮನೆಯಲ್ಲಿ ಮೊದಲೇ ಹೇಳದಿದ್ದರೆ ಅಜ್ಜಿಗೆ ಅವಮಾನ ಆದ ಹಾಗೆ ಅನ್ನಿಸುತ್ತದೆ, ಹುಡುಗಿ ಕುಗ್ಗಿಹೋಗುತ್ತಾಳೆ. ನಾನು ಮಗಳಿಗೆ ಮೊದಲು ಹೇಳಿದೆ, ಅವಳು ಒಪ್ಪಿದ ಮೇಲೆ ಅತ್ತೆಗೆ. ಟೆಸ್ಟ್ ರಿಸಲ್ಟ್ ಬಗ್ಗೆ ಅವಳ ಹತ್ತಿರ ಒಬ್ಬಳೇ ಇದ್ದಾಗ ಮಾತಾಡಿ ಎಂದು ಡಾಕ್ಟರನ್ನೂ ಕೇಳಿಕೊಂಡೆ.

ಪಿಯುಸಿಗೆ ನಮ್ಮ ಕಡೆಯ ಮಕ್ಕಳು ಹಾಸನಕ್ಕೋ ಮೂಡುಬಿದಿರೆಗೋ ಹೋಗಿ ಹಾಸ್ಟೆಲ್‌ನಲ್ಲಿ ಇರುತ್ತಾರೆ. ಟ್ರಯಲ್‌ಗಳಲ್ಲಿ ಮಕ್ಕಳ ಸಂಪರ್ಕ ತಪ್ಪಿಹೋಗುವುದು ಇಂಥ ಹೊತ್ತಿನಲ್ಲೇ. ಸೀಟ್ ಸಿಕ್ಕ ವಾರವೇ ಹೊಸ ವಿಳಾಸ, ವಾರ್ಡನ್ ನಂಬರ್ ಕೋಆರ್ಡಿನೇಟರ್‌ಗೆ ಕೊಡಿ. 18 ತುಂಬಿದಾಗ ನಿಮ್ಮ ಸಹಿ ಸಾಲದು, ಅವಳೇ ಹೊಸದಾಗಿ ಒಪ್ಪಿಗೆ ಕೊಡಬೇಕು. ಅವಳು ಬೇಡ ಎಂದರೆ ಬೇಡ.

ಬಿಡಬೇಕು ಅನ್ನಿಸಿದರೆ, ಅಥವಾ ಮುಗಿದರೆ

ಯಾವಾಗ ಬೇಕಾದರೂ ಬಿಡಬಹುದು, ಕಾರಣ ಕೊಡಬೇಕಾಗಿಲ್ಲ. ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಆದರೆ ಮಾತ್ರೆ ಬಿಡುವುದು ಬೇರೆ, ಟ್ರಯಲ್ ಬಿಡುವುದು ಬೇರೆ. ಮಾತ್ರೆ ನಿಲ್ಲಿಸಿಯೂ ವರ್ಷಕ್ಕೊಮ್ಮೆ ರಕ್ತ ಕೊಡುತ್ತೇವೆ, ಇಲ್ಲವೇ ಫೋನ್‌ನಲ್ಲಿ ಹೇಗಿದ್ದಾಳೆಂದು ಹೇಳುತ್ತೇವೆ ಎನ್ನಬಹುದು. ಫೋನ್ ಎತ್ತದೆ ತಪ್ಪಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಮಾತ್ರೆಯನ್ನು ಮಾತ್ರ ಡಾಕ್ಟರಿಗೆ ಹೇಳದೆ ನಿಲ್ಲಿಸಬೇಡಿ.

ಟ್ರಯಲ್ ಮುಗಿದ ಮೇಲೆ ಔಷಧಿ ಸಿಗುತ್ತದಾ ಎಂದು ಕೊನೆಯ ವರ್ಷದ ಶುರುವಿನಲ್ಲೇ ಕೇಳಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ 27ನೇ ನಿಯಮ ಇದಕ್ಕೇ ಇದೆ. ಔಷಧಿಯಿಂದ ಒಳ್ಳೆಯದಾಗಿದ್ದರೆ, ಬೇರೆ ಚಿಕಿತ್ಸೆ ಇಲ್ಲದಿದ್ದರೆ, ಟ್ರಯಲ್ ಡಾಕ್ಟರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ, ಕಂಪನಿ ಔಷಧಿಯನ್ನು ಪುಕ್ಕಟೆ ಕೊಡಬೇಕಾಗುತ್ತದೆ. ಗೌಚರ್‌ಗೆ ಎರಡು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಎನ್‌ಜೈಮ್ ಚಿಕಿತ್ಸೆ ಮೊದಲಿಂದ ಇದೆ, ಹಾಗಾಗಿ ನಮ್ಮಂಥವರಿಗೆ ಈ ನಿಯಮ ತಾನಾಗಿ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಡಾಕ್ಟರ ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ.

ಜೊತೆಗೆ ಇನ್ನೊಂದು ದಾರಿಯನ್ನೂ ತಯಾರಿಟ್ಟುಕೊಳ್ಳಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ₹50 ಲಕ್ಷದವರೆಗೆ ನೆರವು ಇದೆ. ಗೌಚರ್ ಆ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ ಇದಕ್ಕೆ ಗೊತ್ತು ಮಾಡಿರುವುದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೆ. ಅಲ್ಲಿಗೆ ಹೋಗುವಾಗ ಜೀನ್ ಟೆಸ್ಟ್ ರಿಪೋರ್ಟ್, ಎನ್‌ಜೈಮ್ ಟೆಸ್ಟ್ ರಿಪೋರ್ಟ್, ಮೊದಲ ಮತ್ತು ಕೊನೆಯ ಎಂಆರ್‌ಐ ಸಿಡಿ, ಪ್ರತಿ ವರ್ಷದ ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್ ಲೆಕ್ಕ, ಮೂಳೆ ಎಷ್ಟು ಗಟ್ಟಿ ಎಂದು ಅಳೆಯುವ ಡೆಕ್ಸಾ ರಿಪೋರ್ಟ್, ಕನ್ಸೆಂಟ್ ಫಾರ್ಮ್ ಪ್ರತಿ ಇಷ್ಟೂ ಒಂದೇ ಫೈಲ್‌ನಲ್ಲಿರಲಿ. ಟ್ರಯಲ್ ಕಚೇರಿಯಿಂದ ಇವನ್ನು ಒಟ್ಟಿಗೆ ಕೊನೆಯಲ್ಲಿ ಕೇಳಿದರೆ ಅಲೆಸುತ್ತಾರೆ. ಪ್ರತಿ ವಿಸಿಟ್‌ನಲ್ಲೂ ಆ ದಿನದ್ದನ್ನು ಆ ದಿನವೇ ಜೆರಾಕ್ಸ್ ಮಾಡಿಸಿಕೊಂಡು ಬನ್ನಿ.