ಚುಕ್ಕಿ ಚಿತ್ರಕ್ಕೆ ಬ್ರಷ್ ಬೇಡ, ಇಯರ್ ಬಡ್ ಕೊಡಿ

ಬಣ್ಣದ ಚುಕ್ಕಿಗಳಿಂದಲೇ ಚಿತ್ರ ಬಿಡಿಸಿದ ಫ್ರೆಂಚ್ ಕಲಾವಿದ ಜಾರ್ಜ್ ಸ್ಯೂರಾನ ಶೈಲಿಯ ಚುಕ್ಕಿ ಚಿತ್ರವನ್ನು ಸಣ್ಣ ತರಗತಿಯ ಮಕ್ಕಳಿಂದ ಮಾಡಿಸುವವರು ಬ್ರಷ್ ಬದಿಗಿಟ್ಟು ಇಯರ್ ಬಡ್ ಕೊಡಿ. ಬಣ್ಣಕ್ಕೊಂದು ಬಡ್, ಹಾಳೆ ಪೋಸ್ಟ್‌ಕಾರ್ಡ್‌ಗಿಂತ ದೊಡ್ಡದು ಬೇಡ. ಬ್ರಷ್ ಕೈಗೆ ಸಿಕ್ಕಿದರೆ ಮಗು ಹತ್ತು ಚುಕ್ಕಿ ಇಟ್ಟು ಹನ್ನೊಂದನೆಯದನ್ನು ಗೆರೆಯಾಗಿ ಎಳೆದೇ ಎಳೆಯುತ್ತದೆ. ಬಡ್ ಒತ್ತಿದರೆ ಚುಕ್ಕಿಯಷ್ಟೇ ಬೀಳುತ್ತದೆ, ಅದೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಹಾಳೆ ಯಾಕೆ ಚಿಕ್ಕದು ಅಂದರೆ, ಸುಮಾರು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದ ‘ಗ್ರಾಂದ್ ಜಾತ್’ ಚಿತ್ರ ಸ್ಯೂರಾನನ್ನೇ 1884ರಿಂದ 1886ರವರೆಗೆ ದುಡಿಸಿತು, ನಮಗಿರುವುದು ಒಂದು ಪೀರಿಯಡ್! ಕಿತ್ತಳೆ ಬೇಕಾದ ಕಡೆ ಕಿತ್ತಳೆ ಬಣ್ಣ ಕೊಡಬೇಡಿ. ಕೆಂಪು, ಹಳದಿ ಚುಕ್ಕಿಗಳನ್ನು ಪಕ್ಕಪಕ್ಕ ಒತ್ತೊತ್ತಾಗಿ ಇಡಿಸಿ, ಚಿತ್ರವನ್ನು ಗೋಡೆಗೆ ಅಂಟಿಸಿ, ಕೋಣೆಯ ಆ ತುದಿಯಿಂದ ಕಣ್ಣು ಕಿರಿದು ಮಾಡಿ ನೋಡಲು ಹೇಳಿ. ದೂರದಿಂದ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣದೆ ಬಣ್ಣಗಳು ಕಣ್ಣಲ್ಲೇ ಬೆರೆಯುತ್ತವೆ. ಹಳದಿ, ನೀಲಿಯ ಜೋಡಿ ಮಾತ್ರ ಕೈಕೊಡುತ್ತದೆ: ತಟ್ಟೆಯಲ್ಲಿ ಕಲಸಿದಾಗ ಬರುವ ಹಸಿರು ಇಲ್ಲಿ ಬರುವುದಿಲ್ಲ, ಮಂಕು ಬೂದಿಯಂತೆ ಕಾಣುತ್ತದೆ. ಅಲ್ಲಿ ಹಸಿರು ಚುಕ್ಕಿಗಳನ್ನೂ ಸೇರಿಸಿಬಿಡಿ, ಸ್ಯೂರಾ ಕೂಡ ಹುಲ್ಲಿಗೆ ಹಸಿರು ಬಳಸಿದವನೇ. ಬಣ್ಣಕ್ಕೆ ನೀರು ಹೆಚ್ಚಾದರೂ ಕೆಲಸ ಕೆಡುತ್ತದೆ, ಚುಕ್ಕಿಗಳು ಹರಡಿ ಒಂದಕ್ಕೊಂದು ಸೇರಿ ಕೆಸರಾಗುತ್ತವೆ. ಪೋಸ್ಟರ್ ಕಲರ್ ಗಟ್ಟಿಯಾಗಿರಲಿ, ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು. ಹತ್ತಿ ಬಿಚ್ಚಿಕೊಂಡ ಬಡ್ ಎಸೆದು ಹೊಸದು ಕೊಡಿ.