ನಕಲಿ ಆಸ್ಪತ್ರೆ ಬಿಲ್: ಎಐ ಕೈವಾಡ ಹಿಡಿಯುವುದು ಹೇಗೆ?

ಚಿಕಿತ್ಸಾ ವೆಚ್ಚದ ಕ್ಲೇಮ್ ಜೊತೆ ಬರುವ, ಎಐನಿಂದ ತಯಾರಾದ ಬಿಲ್ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ, ಎಷ್ಟೋ ಸಲ ಎಡವುವುದು ಲೆಕ್ಕದಲ್ಲಿ. ಮೊದಲು ಪ್ರತಿ ಸಾಲಿನ ದರ, ಪ್ರಮಾಣ ಗುಣಿಸಿ, ಒಟ್ಟು ಮೊತ್ತ ಕೂಡಿ ನೋಡಿ.

ಮೆಡಿಕಲ್ ಶಾಪ್ ಬಿಲ್ಲಿನ ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕಿಗಳಿರಬೇಕು. ಬೆಂಗಳೂರಿನ ಅಂಗಡಿಯದಾದರೆ ಶುರುವಿನಲ್ಲಿ 29, ನಂತರದ 10 ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ಅಲ್ಲಿ ಬರುವ ಹೆಸರು ಬಿಲ್ಲಿಗೆ ತಾಳೆಯಾಗುತ್ತದೆಯೇ ನೋಡಿ. ಜಯನಗರದ ವಿಳಾಸವಿದ್ದು ಪಿನ್‌ಕೋಡ್ 560ರಿಂದ ಶುರುವಾಗದಿದ್ದರೆ ಅಲ್ಲೇ ನಿಲ್ಲಿ.

ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಫೈಲ್ ತಯಾರಾದ ದಿನಾಂಕ ಸಿಗುತ್ತದೆ. ಡಿಸ್ಚಾರ್ಜ್ ಆಗಿ ಬಹಳ ದಿನದ ನಂತರದ್ದಾದರೆ ವಿಚಾರಿಸಿ, ಡೂಪ್ಲಿಕೇಟ್ ಕಾಪಿಯೂ ಆಗಿರಬಹುದು. ವಾಟ್ಸ್ಯಾಪ್ ಫೋಟೋಗಳಲ್ಲಿ ಇಂಥ ವಿವರ ಸಾಮಾನ್ಯವಾಗಿ ಅಳಿದುಹೋಗಿರುತ್ತದೆ. ಅದೊಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವುದು ಪ್ರಾಮಾಣಿಕ ರೋಗಿಗೆ ಮಾಡುವ ಅನ್ಯಾಯ.

ಅನುಮಾನ ಉಳಿದರೆ ಐಪಿ ನಂಬರ್ (ಒಳರೋಗಿಗೆ ಆಸ್ಪತ್ರೆ ಕೊಡುವ ದಾಖಲಾತಿ ಸಂಖ್ಯೆ) ಕೊಟ್ಟು ಆಸ್ಪತ್ರೆಯಿಂದಲೇ ಲಿಖಿತ ದೃಢೀಕರಣ ಪಡೆಯಿರಿ. ಬಿಲ್ಲಿನಲ್ಲಿರುವ ಫೋನ್ ನಂಬರನ್ನೇ ನಂಬಿ ಕರೆ ಮಾಡಬೇಡಿ, ಅದೂ ನಕಲಿಯಿರಬಹುದು.