‘ಟಾಟಾಗೆ ಸೋಲು’ ಎಂದು ತಲೆಬರಹ ಕೊಡುವ ಮೊದಲು

2016ರ ಆಗಸ್ಟ್ 31ರ ರಾತ್ರಿ. ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ನಾನಿದ್ದೆ. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಟಾಟಾ ಮೋಟರ್ಸ್‌ನ ನ್ಯಾನೊ ಕಾರಿನ ಕಾರ್ಖಾನೆಗೆಂದು ತೆಗೆದುಕೊಂಡಿದ್ದ ರೈತರ ಜಮೀನಿನ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. ಸುದ್ದಿಸಂಸ್ಥೆ ಕಳಿಸಿದ ಕಾಪಿ ಅನುವಾದ ಮಾಡಿ, ‘ಟಾಟಾಗೆ ಸೋಲು, ಬಂಗಾಳ ಸರ್ಕಾರಕ್ಕೆ ಜಯ’ ಎಂದು ತಲೆಬರಹ ಕೂರಿಸಿ ಪುಟ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಧಾರವಾಡದ ಹಿರಿಯ ವಕೀಲರೊಬ್ಬರ ಫೋನು.

“ತಂಗಿ, ರೈತರ ಜಮೀನು ತಗೊಂಡವರು ಯಾರವಾ?”

“ಸರ್ಕಾರರೀ.”

“ಕೋರ್ಟು ರದ್ದು ಮಾಡಿದ್ದೇನು?”

“ಜಮೀನು ತಗೊಂಡಿದ್ದನ್ನ.”

“ಹಂಗಾದ್ರ ಗೆದ್ದ ಸರ್ಕಾರ ಯಾವ್ದು?”

ಬಾಯಿ ಕಟ್ಟಿತು. ಕಂಪನಿ ಮತ್ತು ಸರ್ಕಾರದ ವ್ಯಾಜ್ಯವನ್ನು ಓದುವುದು ಹೇಗೆ ಎಂದು ಆಮೇಲೆ ಕಲಿತದ್ದನ್ನು, ಡೆಸ್ಕಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಹೇಳುವ ಹಾಗೆಯೇ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಹಾಳೆ ತೆಗೆದುಕೊಂಡು, ಒಂದೇ ಊರಿನ ಹೆಸರಲ್ಲಿ ಎಷ್ಟು ಕೇಸುಗಳಿವೆ ಎಂದು ಎಣಿಸಿ. ಸಿಂಗೂರು ಎಂದರೆ ಒಂದಲ್ಲ, ಮೂರು. ಮೊದಲನೆಯದು ಜಮೀನಿನದು. 2006ರಲ್ಲಿ ಬುದ್ಧದೇವ ಭಟ್ಟಾಚಾರ್ಯರ ಎಡರಂಗ ಸರ್ಕಾರ ನ್ಯಾನೊ ಕಾರ್ಖಾನೆಗೆಂದು ಹೂಗ್ಲಿ ಜಿಲ್ಲೆಯಲ್ಲಿ ಸುಮಾರು 997 ಎಕರೆ ಸ್ವಾಧೀನಪಡಿಸಿಕೊಂಡಿತು. ಅದನ್ನು ಕಲ್ಕತ್ತಾ ಹೈಕೋರ್ಟ್ 2008ರ ಜನವರಿಯಲ್ಲಿ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ 2016ರಲ್ಲಿ ರದ್ದು ಮಾಡಿತು. ಎರಡನೆಯದು ಕಾಯ್ದೆಯದು. 2011ರಲ್ಲಿ ಅಧಿಕಾರಕ್ಕೆ ಬಂದ ಮಮತಾ ಬ್ಯಾನರ್ಜಿ ಸರ್ಕಾರ ಜಮೀನು ವಾಪಸ್ ಪಡೆಯಲು ಸಿಂಗೂರಿಗೆಂದೇ ಕಾಯ್ದೆ ಮಾಡಿತು, ಟಾಟಾ ಮೋಟರ್ಸ್ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಒಬ್ಬರೇ ನ್ಯಾಯಮೂರ್ತಿಯ ಏಕಸದಸ್ಯ ಪೀಠದಲ್ಲಿ ಸರ್ಕಾರ ಗೆದ್ದಿತು. 2012ರ ಜೂನ್‌ನಲ್ಲಿ ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಕಾಯ್ದೆಯನ್ನೇ ಹೊಡೆದುಹಾಕಿತು. ಕೇಂದ್ರದ 1894ರ ಭೂಸ್ವಾಧೀನ ಕಾಯ್ದೆಗೆ ಎದುರು ಬೀಳುವ ರಾಜ್ಯದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬೇಕಿತ್ತು, ಇರಲಿಲ್ಲ. ಮೂರನೆಯದು ದುಡ್ಡಿನದು. ಅದಕ್ಕೆ ಆಮೇಲೆ ಬರೋಣ.

ಈಗ ಪ್ರತಿ ಕೇಸಿನ ಮುಂದೆ ಯಾರು ಯಾರ ವಿರುದ್ಧ ಎಂದು ಬರೆಯಿರಿ. ನಾನು ಎಡವಿದ್ದು ಇಲ್ಲೇ. ಜಮೀನಿನ ಕೇಸಿನಲ್ಲಿ ಕೋರ್ಟಿಗೆ ಹೋದವರು ರೈತರು ಮತ್ತು ಅವರ ಪರ ನಿಂತವರು, ಎದುರಾಳಿ ರಾಜ್ಯ ಸರ್ಕಾರ. ತೀರ್ಪಿನ ಶೀರ್ಷಿಕೆಯಲ್ಲಿ ಟಾಟಾ ಹೆಸರೇ ಇಲ್ಲ. ಆದರೆ ಕೇಸು ನಡೆಯುತ್ತಿದ್ದಾಗಲೇ ಸರ್ಕಾರ ಬದಲಾಗಿತ್ತಲ್ಲ? ತಾನೇ ಮಾಡಿದ ಸ್ವಾಧೀನ ತಪ್ಪು ಎಂದು ಅದೇ ರಾಜ್ಯ ಸುಪ್ರೀಂ ಕೋರ್ಟಿನಲ್ಲಿ ನಿಂತು ಹೇಳಿತು! ಹಾಗೆ ನಿಲುವು ಬದಲಿಸುವಂತಿಲ್ಲ ಎಂದು ಕಂಪನಿ ಆಕ್ಷೇಪಿಸಿತು. ಹೀಗಾಗಿ ‘ಸರ್ಕಾರ’ ಎಂದು ಬರೆಯುವಾಗ ಪಕ್ಕದಲ್ಲಿ ಇಸವಿಯನ್ನೂ ಹಾಕಿಕೊಳ್ಳಿ.

ತೀರ್ಪು ಕೈಗೆ ಬಂದರೆ ಎಲ್ಲರೂ ಕೊನೆಯ ಪುಟಕ್ಕೆ ಹಾರುತ್ತೇವೆ. ಹಾರಿ, ತಪ್ಪಿಲ್ಲ. ಜಮೀನನ್ನು 12 ವಾರಗಳಲ್ಲಿ ರೈತರಿಗೆ ಮರಳಿಸಬೇಕು, ಪಡೆದ ಪರಿಹಾರವನ್ನು ಅವರು ಹಿಂತಿರುಗಿಸಬೇಕಿಲ್ಲ ಎಂಬ ಆದೇಶ ಅಲ್ಲಿ ಸಿಗುತ್ತದೆ. ಆದರೆ ಕಾರಣ ತಿಳಿಯಲು ಹಿಂದಕ್ಕೆ ಬರಲೇಬೇಕು. ಪೀಠದಲ್ಲಿದ್ದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡ ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ. ಇಬ್ಬರೂ ಬೇರೆ ಬೇರೆ ತೀರ್ಪು ಬರೆದರು. ಇದು ಒಂದು ಕಂಪನಿಗಾಗಿ ಮಾಡಿದ ಸ್ವಾಧೀನ, ಸಾರ್ವಜನಿಕ ಉದ್ದೇಶವಲ್ಲ ಎಂದರು ಗೌಡರು. ಉದ್ಯೋಗ ತರುವ ಕಾರ್ಖಾನೆ ಸಾರ್ವಜನಿಕ ಉದ್ದೇಶವೇ ಎಂದರು ಮಿಶ್ರಾ. ಇಬ್ಬರೂ ಒಪ್ಪಿದ್ದು 1894ರ ಕಾಯ್ದೆಯ ಕಲಂ 5ಎ, ಅಂದರೆ ತಕರಾರು ಕೇಳುವ ಕಲಂ, ವಿಷಯದಲ್ಲಿ: ರೈತರ ತಕರಾರು ಅರ್ಜಿಗಳನ್ನು ಸರಿಯಾಗಿ ವಿಚಾರಿಸದೆ ತಳ್ಳಿಹಾಕಲಾಗಿತ್ತು. ಆದ್ದರಿಂದ ‘ಕಾರ್ಖಾನೆಗೆ ಹೊಲ ಕೊಡಬಾರದು ಎಂದ ಕೋರ್ಟ್’ ಎಂದು ಬರೆದರೆ ಅದು ಸುಳ್ಳು.

ಸುಪ್ರೀಂ ಕೋರ್ಟಿನ ತೀರ್ಪುಗಳು ಅದರ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ದಿನಾಂಕ, ನ್ಯಾಯಮೂರ್ತಿಯ ಹೆಸರು ಕೊಟ್ಟು ಹುಡುಕಿ. ಹೈಕೋರ್ಟಿನದಾದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ಕೇಸಿನ ಗುರುತಾದ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಸಾಕು.

ಇನ್ನು ದುಡ್ಡಿನ ಕೇಸು. 2008ರ ಅಕ್ಟೋಬರ್ 3ರಂದು ರತನ್ ಟಾಟಾ ಸಿಂಗೂರು ಬಿಡುವುದಾಗಿ ಹೇಳಿದರು. (ನ್ಯಾನೊ ಧಾರವಾಡಕ್ಕೆ ಬರುತ್ತದಂತೆ ಎಂದು ನಮ್ಮ ಕಡೆ ಚಹಾದಂಗಡಿಗಳಲ್ಲೆಲ್ಲ ಮಾತು. ನಾಲ್ಕೇ ದಿನಕ್ಕೆ ಅದು ಗುಜರಾತಿನ ಸಾನಂದಕ್ಕೆ ಹೋಯಿತು.) ಜಮೀನನ್ನು ಕಂಪನಿಗೆ ಲೀಸಿಗೆ ಕೊಟ್ಟಿದ್ದು ಪಶ್ಚಿಮ ಬಂಗಾಳ ಕೈಗಾರಿಕಾ ಅಭಿವೃದ್ಧಿ ನಿಗಮ. ಹಾಕಿದ ಬಂಡವಾಳ ಕೊಡಿ ಎಂದು ಕಂಪನಿ ಕೇಳಿದ್ದು ಆ ನಿಗಮವನ್ನು, ಅದೂ ಕೋರ್ಟಿನಲ್ಲಲ್ಲ, ಮೂವರು ಮಧ್ಯಸ್ಥಗಾರರ ನ್ಯಾಯಮಂಡಳಿಯಲ್ಲಿ. 2023ರ ಅಕ್ಟೋಬರ್ 30ರಂದು ಆದೇಶ ಬಂತು: 765.78 ಕೋಟಿ ರೂಪಾಯಿ, 2016ರ ಸೆಪ್ಟೆಂಬರ್ 1ರಿಂದ ಶೇ 11 ಬಡ್ಡಿ, ಖರ್ಚಿಗೆ 1 ಕೋಟಿ. ‘ಸರ್ಕಾರಕ್ಕೆ ದಂಡ’ ಎಂದು ಎಷ್ಟು ಕಡೆ ಓದಿದೆನೋ. ಕೊಡಬೇಕಾದವರು ನಿಗಮ. ಮೊತ್ತವೂ ದಂಡವಲ್ಲ, ಪರಿಹಾರ.

ಇಂಥ ಆದೇಶಗಳು ಕೋರ್ಟಿನ ಜಾಲತಾಣದಲ್ಲಿ ಸಿಗುವುದಿಲ್ಲ. ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಯಾದರೆ ಬಿಎಸ್‌ಇ, ಎನ್‌ಎಸ್‌ಇಗೆ ಅದು ಬರೆದ ಪತ್ರ ನೋಡಿ. ಟಾಟಾ ಮೋಟರ್ಸ್ ಅಂದೇ ಬರೆದಿತ್ತು. ಆದರೆ ಅದು ಒಬ್ಬ ಕಕ್ಷಿದಾರ ಹೇಳಿದ ಮಾತು ಎಂಬುದು ನೆನಪಿರಲಿ.

ಬಡ್ಡಿಯನ್ನು ನೀವೇ ಲೆಕ್ಕ ಹಾಕಿ. ಸರಳ ಬಡ್ಡಿ ಎಂದು ಹಿಡಿದರೂ ವರ್ಷಕ್ಕೆ 84 ಕೋಟಿಗೂ ಹೆಚ್ಚು, ಆದೇಶದ ದಿನಕ್ಕೇ ಸುಮಾರು 600 ಕೋಟಿ. ತಲೆಬರಹದ 765 ಅಸಲು ಮಾತ್ರ.

ಆದೇಶ ಬಂದ ಕೂಡಲೇ ದುಡ್ಡು ಕೈ ಸೇರಿತು ಎಂದೂ ಅಲ್ಲ. 1996ರ ಮಧ್ಯಸ್ಥಿಕೆ ಕಾಯ್ದೆಯ ಕಲಂ 34ರಡಿ, ಆದೇಶದ ಪ್ರತಿ ಸಿಕ್ಕ ಮೂರು ತಿಂಗಳೊಳಗೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಸಾಕಷ್ಟು ಕಾರಣವಿದ್ದರೆ ಇನ್ನೂ 30 ದಿನ. 2023ರ ಆ ಆದೇಶದ ಸುದ್ದಿಯ ಪುಟ ಬಿಟ್ಟ ಮೇಲೆ ನಾನು ಹೊಸ ವರ್ಷದ ಡೈರಿಯಲ್ಲಿ ಜನವರಿ 30ರ ಪುಟ ತೆಗೆದು ‘ಸಿಂಗೂರು, 34?’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ.